ಲೇ ಜೂಶಿನ ಗ್ರೀಷ್ಮಪಾಠಶಾಲೆ

ಫ್ರಾನ್ಸ್ ದೇಶದ ಮೋಂಬ್ಲಾಂ ಪರ್ವತದ ಸಮೀಪದಲ್ಲಿ ಲೇ ಜೂಶ್ ಎಂಬ ಗ್ರಾಮವುಂಟು. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ನೂತನ ಭೌತಶಾಸ್ತ್ರವನ್ನು ಬೋಧಿಸುವವರು ವಿರಳರಾಗಿದ್ದರು. ಈ ಕೊರತೆಯನ್ನು ನೀಗಲು ಸೆಸಿಲ್ ಡಿವಿಟ್-ಮೊರೆಟ್ ಎಂಬ ವಿದುಷಿಯು 1951ರಲ್ಲಿ ಅಲ್ಲಿ ಗ್ರೀಷ್ಮಪಾಠಶಾಲೆಯನ್ನು ಸ್ಥಾಪಿಸಿದರು. ನಾನಾ ದೇಶಗಳ ತರುಣ ಸಂಶೋಧಕರು ವಾರಗಟ್ಟಲೆ ಆಚಾರ್ಯರೊಡನೆ ವಾಸಮಾಡಿ ಅಧ್ಯಯನ ನಡೆಸುವುದೇ ಇದರ ಕ್ರಮ. ಉಪನ್ಯಾಸಗಳು ಆಮೇಲೆ ಗ್ರಂಥರೂಪವನ್ನು ತಳೆಯುವುವಾದರೂ ಈ ಸಹವಾಸದ ಫಲವೇ ಹಿರಿದು. ಗುರುಕುಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. 1972ರಲ್ಲಿ, ಬೆಳಕನ್ನೂ ಹೊರಬಿಡದ ಕೃಷ್ಣವಿವರಗಳನ್ನು ಕುರಿತು ಪಾಠಹೇಳಲು ಬಂದಿದ್ದ ಬಾರ್ಡೀನ್, ಕಾರ್ಟರ್, ಹಾಕಿಂಗ್ ಎಂಬ ಮೂವರು ಅಲ್ಲಿಯೇ ಕೂಡಿ ಅವುಗಳ ನಾಲ್ಕು ನಿಯಮಗಳನ್ನು ನಿರೂಪಿಸಿದರು. ಈ ನಿಯಮಗಳಿಗೂ ಉಷ್ಣಶಾಸ್ತ್ರದ ನಿಯಮಗಳಿಗೂ ಇದ್ದ ಸಾಮ್ಯವನ್ನು ಅವರು ಆಗ ಕೇವಲ ಉಪಮೆಯೆಂದೇ ಎಣಿಸಿದ್ದರು. ಕೃಷ್ಣವಿವರಕ್ಕೆ ನಿಜವಾಗಿಯೂ ಉಷ್ಣತೆಯುಂಟೆಂದು 1974ರಲ್ಲಿ ತೋರಿಸಿದವರು ಹಾಕಿಂಗರೇ.