ಆಸ್ಪತ್ರೆಯ ನೌಕರಿಗೆ ಹೋಗುವವರು ಹೇಳತಕ್ಕ ಮಾತು

ಬೋಪಾಲವು 2020ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಗೆ ಸೇರಿದುದು ವಾಚಕರಿಗೆ ತಿಳಿದ ವಿಷಯವೇ. ಅಲ್ಲಿಯೂ ಎಸ್.ಜಿ. ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಖಾಸಗಿ ಆಸ್ಪತ್ರೆಗಳು ಹಲವಿವೆ. ನಮ್ಮವರ ಮಕ್ಕಳು ದಾದಿಯ ಕೆಲಸಕ್ಕೆ, ಲ್ಯಾಬೊರೇಟರಿಗೆ, ಬಿಲ್ಲಿಂಗ್ ಕೌಂಟರಿಗೆ ಅರ್ಜಿ ಹಾಕುತ್ತಿರುವರು. ಕೇಂದ್ರ ಸರಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿ 1ರಿಂದ ತೆಗೆದುಹಾಕಿತು. ಖಾಸಗಿ ಆಸ್ಪತ್ರೆಗಳಲ್ಲಾದರೋ ಸಂದರ್ಶನವೇ ಹೆಬ್ಬಾಗಿಲು. ಅಂಕಪಟ್ಟಿ ಉತ್ತಮವಾಗಿದ್ದೂ ಆ ಬಾಗಿಲಿನಿಂದಲೇ ಹಿಂದಿರುಗಿದವರು ನಮ್ಮಲ್ಲಿ ಇಲ್ಲದಿಲ್ಲ.

ಅಲ್ಲಿ ಕೇಳುವುದು ಪುಸ್ತಕದ ಪ್ರಶ್ನೆಯನ್ನಷ್ಟೇ ಅಲ್ಲ. "ರೋಗಿಯ ಬಂಧುವೊಬ್ಬನು ನಿಮ್ಮ ಮೇಲೆ ಕೂಗಾಡಿದ ಪ್ರಸಂಗವನ್ನು ಹೇಳಿರಿ" ಎನ್ನುವರು. "ನಾನು ಶಾಂತಸ್ವಭಾವದವಳು" ಎಂಬುದು ಇದಕ್ಕೆ ಉತ್ತರವಾಗದು. ಗುಣವನ್ನು ಹೇಳಿಕೊಳ್ಳುವುದು ಸುಲಭ. ಅವರಿಗೆ ಬೇಕಾದುದು ನಡೆದ ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್, ಕೆಲಸದಲ್ಲಿ ನಿಜವಾಗಿ ನಡೆದ ಘಟನೆಗಳಿಂದಲೇ ಯೋಗ್ಯತೆಯನ್ನು ಅಳೆಯುವ ವಿಧಾನವನ್ನು 1954ರಲ್ಲಿ ಪ್ರಕಟಿಸಿದನು. ಇಂದಿನ ಈ ಪ್ರಶ್ನೆಗಳು ಆ ಜಾತಿಯವೇ.

ಉತ್ತರಕ್ಕೆ ನಾಲ್ಕು ಮೆಟ್ಟಿಲು: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ ಕಾರ್ಯ, ಅದರ ಫಲ. ಮೊದಲಿನ ಎರಡನ್ನು ನಾಲ್ಕು ಮಾತಿನಲ್ಲಿ ಮುಗಿಸಿ ಮೂರನೆಯದರ ಮೇಲೆ ನಿಲ್ಲಬೇಕು. ನಮ್ಮ ಹುಡುಗರು ವಿನಯದಿಂದ "ನಾವೆಲ್ಲ ಸೇರಿ ಮಾಡಿದೆವು" ಎನ್ನುವರು. ಪತ್ರಿಕೆಯವರಾದ ನಮಗೆ 'ನಾವು' ಶೋಭಿಸೀತು. ಅಭ್ಯರ್ಥಿಯು 'ನಾನು' ಎನ್ನದಿದ್ದರೆ ಅವನು ಮಾಡಿದುದೇನೆಂಬುದು ಎದುರಿನವರಿಗೆ ತಿಳಿಯದು.

ಆಸ್ಪತ್ರೆಯ ಅನುಭವವೇ ಇಲ್ಲದವರು ಏನು ಹೇಳಬೇಕು? ಹೋಟೆಲಿನದನ್ನೇ ಹೇಳಲಿ. ಭಾನುವಾರದ ನೂಕುನುಗ್ಗಲಿನಲ್ಲಿ ದೋಸೆ ತಡವಾಯಿತೆಂದು ಗಿರಾಕಿ ಮೇಜು ಗುದ್ದಿದಾಗ ನೀವೇನು ಮಾಡಿದಿರಿ? ಎದುರುತ್ತರ ಕೊಡದೆ ಅವರ ಮಾತನ್ನು ಪೂರ್ತಿ ಕೇಳಿದಿರಿ. ಒಳಗೆ ಹೋಗಿ ವಿಚಾರಿಸಿ, ಇನ್ನೆಷ್ಟು ನಿಮಿಷವೆಂದು ನಿಜವನ್ನೇ ತಿಳಿಸಿದಿರಿ. ಕೈಮೀರುವಂತಿದ್ದಾಗ ಮ್ಯಾನೇಜರರನ್ನು ಕರೆದಿರಿ. ವರದಿಗಾಗಿ ಎರಡು ತಾಸು ಕಾದ ಬಂಧುವಿನೊಡನೆ ನಡೆಯಬೇಕಾದ ರೀತಿಯೂ ಇದೇ. ಗಲ್ಲಾ ಪೆಟ್ಟಿಗೆಯ ಲೆಕ್ಕದಲ್ಲಿ ಕಂಡ ವ್ಯತ್ಯಾಸವನ್ನು ತಾನಾಗಿ ಯಜಮಾನರಿಗೆ ತಿಳಿಸಿದ ಗುಮಾಸ್ತನಿಗೆ, ಬಿಲ್ಲಿಂಗ್ ಕೌಂಟರಿನವರ ಮುಂದೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ. ಇಂಥದನ್ನು ಬಿಟ್ಟು ಕಟ್ಟುಕಥೆ ಹೇಳುವುದೇಕೋ ನಾವರಿಯೆವು. ಎರಡನೆಯ ಮರುಪ್ರಶ್ನೆಗೇ ಅದು ಕುಸಿಯುತ್ತದೆ.

ದಾದಿಯರಿಗೆ ಕಠಿಣವಾದುದು "ನಿಮ್ಮಿಂದಾದ ತಪ್ಪೊಂದನ್ನು ಹೇಳಿ" ಎಂಬುದು. ತಪ್ಪೇ ಆಗಿಲ್ಲವೆಂದವರನ್ನು ಯಾರೂ ನಂಬರು. ಔಷಧ ಕೊಡುವ ಮೊದಲು ರೋಗಿಯ ಹೆಸರು, ನೋಂದಣಿ ಸಂಖ್ಯೆ ಇವೆರಡನ್ನೂ ತಾಳೆನೋಡಬೇಕು, ಹಾಸಿಗೆಯ ಸಂಖ್ಯೆಯನ್ನು ನೆಚ್ಚಬಾರದು ಎಂಬುದು ನಿಯಮ. ಅವಸರದಲ್ಲಿ ಇದು ತಪ್ಪಿತೆಂದಿಟ್ಟುಕೊಳ್ಳಿ. ಕೂಡಲೇ ಯಾರಿಗೆ ತಿಳಿಸಿದಿರಿ, ರೋಗಿಯನ್ನು ಹೇಗೆ ಗಮನಿಸಿದಿರಿ, ಏನೆಂದು ಬರೆದಿಟ್ಟಿರಿ, ಅನಂತರ ನಿಮ್ಮ ಪದ್ಧತಿಯನ್ನು ಹೇಗೆ ಬದಲಿಸಿದಿರಿ ಎಂಬುದನ್ನು ಅವರು ಕಿವಿಗೊಟ್ಟು ಕೇಳುವರು. ಮುಚ್ಚಿಟ್ಟವಳನ್ನು ವಾರ್ಡಿಗೆ ಬಿಡಲು ಯಾರಿಗೆ ಧೈರ್ಯ ಬಂದೀತು? ಕಥೆಯಲ್ಲಿ ರೋಗಿಯ ಹೆಸರಾಗಲಿ ಊರಾಗಲಿ ಬರಕೂಡದು. ಬಂದರೆ ಗುಟ್ಟು ಕಾಯಲರಿಯದವಳೆಂದು ಅಲ್ಲಿಯೇ ತೀರ್ಮಾನವಾಗುವುದು.

ಭಾಷೆಯ ಮಾತು ಬೇರೆ. ಹೋಟೆಲಿನಲ್ಲಿ ಕಲಿತ ಗುಜರಾತಿಯಲ್ಲಿ 'ತುಂ' ಎಂಬುದು ನಾಲಿಗೆಗೆ ಅಂಟಿರುತ್ತದೆ. ರೋಗಿಯೊಡನೆ 'ತಮೇ' ಎನ್ನಬೇಕು. ವೃದ್ಧೆಯನ್ನು 'ಬಾ' ಎಂದರೆ ಅರ್ಧ ನೋವು ಇಳಿದಂತೆಯೇ. ವಡೋದರಾ, ಸೂರತ್ತುಗಳಲ್ಲಿಯೂ ಹೀಗೆಯೇ.

ಕಡೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದಾಗ ತಲೆಯಲ್ಲಾಡಿಸಿ ಎದ್ದುಬರಬೇಡಿ. ರಾತ್ರಿಪಾಳಿಯಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳು, ಪಾಳಿ ಮುಗಿದ ಮೇಲೆ ಮನೆ ಸೇರಲು ವಾಹನದ ಏರ್ಪಾಡಿದೆಯೇ ಎಂದು ಕೇಳಿ, ಉತ್ತರವನ್ನು ಮನೆಗೆ ಬಂದೊಡನೆ ಬರೆದಿಟ್ಟುಕೊಳ್ಳಿ.