ಉಗುರಿನ ಹೊರಪೊರೆ

ಉಗುರಿನ ಬುಡದಲ್ಲಿ ಚರ್ಮದ ಮಡಿಕೆಯಿಂದ ಹೊರಟು ಉಗುರಿನ ಮೇಲ್ಮೈಗೆ ಅಂಟಿಕೊಂಡಿರುವ ನಿರ್ಜೀವ ಕೋಶಗಳ ತೆಳು ಪದರವೇ ಉಗುರಿನ ಹೊರಪೊರೆ. ಇದನ್ನು ಕ್ಯುಟಿಕಲ್ ಎಂದೂ ಕರೆಯಲಾಗುತ್ತದೆ. ಚರ್ಮ ಮತ್ತು ಉಗುರಿನ ನಡುವಣ ಸಂದನ್ನು ಮುಚ್ಚಿ, ಉಗುರು ಹುಟ್ಟುವ ಭಾಗಕ್ಕೆ ನೀರು, ಸಾಬೂನು ಹಾಗೂ ರೋಗಾಣುಗಳು ಇಳಿಯದಂತೆ ತಡೆಯುವುದು ಇದರ ಕಾರ್ಯ. ಅಂದಕ್ಕಾಗಿ ಇದನ್ನು ಕತ್ತರಿಸಿ ತೆಗೆಯುವ ರೂಢಿಯಿದ್ದರೂ ಚರ್ಮರೋಗ ತಜ್ಞರು ಅದನ್ನು ಒಪ್ಪುವುದಿಲ್ಲ.

ಆರೈಕೆ

ಸ್ನಾನದ ಅನಂತರ ಉಗುರಿನ ಬುಡಕ್ಕೆ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆಯನ್ನು ಸವರಿದರೆ ಪೊರೆ ಒಣಗಿ ಬಿರಿಯುವುದಿಲ್ಲ. ಬದಿಯಲ್ಲಿ ಸುಲಿದು ನಿಂತ ಚರ್ಮವನ್ನು ಕಚ್ಚದೆ, ಎಳೆಯದೆ, ಸ್ವಚ್ಛವಾದ ಕತ್ತರಿಯಿಂದ ಸಡಿಲ ತುದಿಯನ್ನಷ್ಟೇ ಕತ್ತರಿಸಬೇಕು.

ಉಗುರುಸುತ್ತು

ಪೊರೆ ಹರಿದಲ್ಲಿ ರೋಗಾಣುಗಳು ಒಳಹೊಕ್ಕು ಬೆರಳು ಕೆಂಪಾಗಿ ಊದಿಕೊಳ್ಳುವುದನ್ನು ಉಗುರುಸುತ್ತು ಎನ್ನುತ್ತಾರೆ. ದಿಢೀರನೆ ಕಾಣಿಸಿಕೊಳ್ಳುವ ಬಗೆಗೆ ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್ ಔರಿಯಸ್ ಬ್ಯಾಕ್ಟೀರಿಯಾ ಕಾರಣ. 6 ವಾರಕ್ಕೂ ಮೀರಿ ಉಳಿಯುವ ಬಗೆಯು ಪಾತ್ರೆ, ಬಟ್ಟೆ ತೊಳೆಯುತ್ತ ಸದಾ ನೀರಿನಲ್ಲಿ ಕೈಯಿಡುವವರಲ್ಲಿ ಹೆಚ್ಚು. ಇಂಥವರಿಗೆ ಔಷಧಿಗಿಂತ ಮೊದಲು ಬೇಕಾದುದು ರಬ್ಬರ್ ಕೈಗವಸು ಮತ್ತು ಒಣಗಿದ ಕೈ. ಕರ್ನಾಟಕದಲ್ಲಿ ಊದಿದ ಬೆರಳನ್ನು ನಿಂಬೆಹಣ್ಣಿನೊಳಗೆ ತೂರಿಸಿಡುವ ಮನೆಮದ್ದು ಪರಿಚಿತ. ತಂಪೆನಿಸಿದರೂ ಇದರಿಂದ ಕಟ್ಟಿಕೊಂಡ ಕೀವು ಹೊರಬರುವುದಿಲ್ಲ. ಆರಂಭದಲ್ಲಿ ದಿನಕ್ಕೆ ಮೂರು-ನಾಲ್ಕು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳನ್ನು ಅದ್ದಿಡುವುದು ಉಪಯುಕ್ತ. ಕೀವು ತುಂಬಿದರೆ ಸೂಜಿಯಿಂದ ಚುಚ್ಚದೆ ವೈದ್ಯರಿಂದಲೇ ತೆಗೆಸಬೇಕು; ಮಧುಮೇಹಿಗಳು ಕೀವಾಗುವವರೆಗೂ ಕಾಯಬಾರದು. ಉಗುರು ಹುಟ್ಟುವ ಭಾಗಕ್ಕೆ ಪೆಟ್ಟಾದಲ್ಲಿ ಹೊಸ ಉಗುರು ಗೆರೆ ಬಿದ್ದು ಬರಬಹುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಆ ಗುರುತು ತುದಿ ತಲುಪಿ ಮರೆಯಾಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ.