ಬಾಂಡ್ ಪೇಪರ್ ಮೇಲೆ ಸಹಿ ಆದ್ರ ಪರಿಹಾರ ಮುಗೀತಾ?

ಇವತ್ತಿನ ಕಂತು ಹೊನವಾಡದಿಂದ. ಇಲ್ಲಿ ದ್ರಾಕ್ಷಿ ಸುಗ್ಗಿ ಬಂತಂದ್ರ ತೋಟ, ಒಣಗಿಸೋ ಶೆಡ್, ಗೋದಾಮು ಎಲ್ಲಾ ಕಡೆ ಕೂಲಿ ಮಂದಿ. ಯಾರಾದರೂ ಕೆಲಸದಾಗ ಸತ್ತರ ನಮ್ಮ ಕಡೆ ಏನಾಗ್ತದ ನಿಮಗೂ ಗೊತ್ತು. ಹಿರಿಯರು ಕೂಡ್ತಾರ. "ಆಗಿದ್ದು ಆತು, ಎರಡು ಲಕ್ಷಕ್ಕ ಮುಗಸ್ರಿ" ಅಂತಾರ. ಬಾಂಡ್ ಪೇಪರ್ ಬರ್ತದ, ಹೆಣ್ಣುಮಗಳ ಹೆಬ್ಬೆಟ್ಟು ಬೀಳ್ತದ.

ಆ ಹೆಬ್ಬೆಟ್ಟಿಗೆ ಕಾನೂನಿನಲ್ಲಿ ಬೆಲೆ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಸಾವಿನ ಪರಿಹಾರವನ್ನು ಮಾಲಕ ಪರಿಹಾರ ಆಯುಕ್ತರ ಹತ್ತಿರ ಜಮಾ ಮಾಡಬೇಕು. ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು ಪರಿಹಾರ ಅಂತ ಲೆಕ್ಕಕ್ಕೇ ಬರೋದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡಕ್ಕೆ ಮಾತ್ರ ವಿನಾಯಿತಿ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಒಪ್ಪಂದವೂ ಅನೂರ್ಜಿತ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದದ. ಅದರಲ್ಲೂ ಹಣ ಅಧಿಕಾರಿಯ ಹತ್ತಿರ ಜಮಾ ಆಗಬೇಕು ಅನ್ನೋ ನಿಯಮ ಉಳಿದದ.

ಈಗ ಎಷ್ಟು ರೊಕ್ಕ ನೋಡ್ರಿ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸಬೇಕು. 2020ರ ಜನವರಿಯಿಂದ ಕೂಲಿಯ ಮಿತಿ ₹15,000. ತಿಂಗಳಿಗೆ ₹13,000 ದುಡಿಯೋ 25 ವರ್ಷದ ಹುಡುಗ ಅಂತ ಇಟ್ಕೊಳ್ರಿ. ಅರ್ಧ ₹6,500, ಅಂಶ 216.91. ಗುಣಿಸಿದರೆ ₹14,09,915. ಎರಡು ಲಕ್ಷ ಎಲ್ಲಿ, ಇದು ಎಲ್ಲಿ!

2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳು ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತರು. ಅಂಥ ಸುದ್ದಿ ಆದಾಗ ಪರಿಹಾರ ಘೋಷಣೆ ಬೇಗ ಆಗ್ತದ. ಆದರೆ ಮಂತ್ರಿಗಳು ಘೋಷಿಸಿದ ಸರ್ಕಾರದ ನೆರವು ಬೇರೆ, ಮಾಲಕ ಕಾನೂನಿನಂತೆ ಕೊಡಬೇಕಾದ ಪರಿಹಾರ ಬೇರೆ. ಮೊದಲನೆಯದು ಬಂತು ಅಂತ ಎರಡನೆಯದು ಹೋಗೋದಿಲ್ಲ.

"ಅವ ನಮ್ಮ ಆಳಲ್ರಿ, ಗುತ್ತಿಗೆದಾರನ ಆಳು" ಅನ್ನೋ ಮಾತೂ ಕೇಳಿರ್ತೀರಿ. ಮಾಲಕ ತನ್ನ ವ್ಯಾಪಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ ಪರಿಹಾರ ಅವನೇ ಕೊಡಬೇಕು. ಆಮ್ಯಾಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳೋದು ಅವರಿಬ್ಬರ ಲೆಕ್ಕ. (ಇಎಸ್‌ಐ ಇದ್ದವರಿಗೆ ದಾರಿ ಬೇರೆ, ಅವರು ಅಲ್ಲೇ ಕೇಳಬೇಕು.)

ಇನ್ನು ವಿಮೆ. ಬಿಕಾಂನಲ್ಲಿ ಈ ಪಾಲಿಸಿಯನ್ನ ಎರಡು ಮಾರ್ಕಿಗೆ ಓದಿ ಮರೆತಿದ್ದೆ ನಾನು. ಹಳೇ ಕಾಯ್ದೆ ಅದನ್ನು ಕಡ್ಡಾಯ ಮಾಡಿರಲಿಲ್ಲ. ಪಾಲಿಸಿ ಇದ್ದರೆ ಕಂಪನಿ ಕೊಡ್ತದ, ಇಲ್ಲದಿದ್ದರೆ ಮಾಲಕನ ಕಿಸೆಯಿಂದಲೇ ಹೋಗಬೇಕು. ಪ್ರೀಮಿಯಂ ನಿಲ್ಲೋದು ಮಾಲಕ ತೋರಿಸಿದ ಒಟ್ಟು ಕೂಲಿ ಮತ್ತು ಕೆಲಸದ ಅಪಾಯದ ಮೇಲೆ. ಐವತ್ತು ಮಂದಿ ದುಡಿಯೋ ಕಡೆ ಹತ್ತು ಮಂದಿ ಅಂತ ತೋರಿಸಿದರೆ ಪ್ರೀಮಿಯಂ ಉಳೀತದ ಖರೆ, ಕ್ಲೇಮ್ ದಿನ ತಕರಾರು ಶುರು. ಸಣ್ಣ ಶೆಡ್ ಇಟ್ಟ ದೋಸ್ತರೇ, ಇದು ನಿಮಗೂ ಸೇರಿಸಿಯೇ ಹೇಳೋದು. ಒಂದು ಸಾವಿನ ಹದಿನಾಲ್ಕು ಲಕ್ಷ ಯಾವ ಸಣ್ಣ ಶೆಡ್ ತಡಕೊಳ್ತದ?

ಕೆಲಸಕ್ಕೆ ಹೋಗೋ ದಾರಿಯಲ್ಲೇ ಸತ್ತರೆ? ಉಸ್ಮಾನಾಬಾದ್ ಕಡೆಯ ಸಕ್ಕರೆ ಕಾರ್ಖಾನೆಯ ಕಾವಲುಗಾರ ಒಬ್ಬರು 2003ರಲ್ಲಿ ಬೆಳಗಿನ ಜಾವ 3ರ ಪಾಳಿಗೆ ಹೊರಟವರು, ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಆಯುಕ್ತರು ₹3,26,140 ಮತ್ತು 12% ಬಡ್ಡಿ ಕೊಡಿಸಿದರು, ಹೈಕೋರ್ಟ್ ತೆಗೆದುಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೊಡಿಸಿತು. ಕೆಲಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ಇದ್ದರೆ ಅದೂ ಕೆಲಸದ ಅಪಘಾತವೇ ಅಂತು. 22 ವರ್ಷ, ಒಂದು ಮನೆ ಕಾಯ್ದದ್ದು.

ಇಷ್ಟು ಕಾಯಬಾರದು ಅಂದ್ರ ಪುರಾವೆ ಬೇಕು, ಅದು ನಿಮ್ಮ ಮೊಬೈಲಿನಲ್ಲೇ ಅದ. ಕೂಲಿ ಬಂದ ಫೋನ್‌ಪೇ ದಾಖಲೆ, ಹಾಜರಿ ವಹಿಯ ಫೋಟೋ, "ನಾಳೆ ಬಾ" ಅನ್ನೋ ವಾಟ್ಸಾಪ್ ಧ್ವನಿ ಸಂದೇಶ ಯಾವುದನ್ನೂ ಅಳಿಸಬ್ಯಾಡ್ರಿ. ಊರು ಬಿಟ್ಟು ಹೋಗೋ ಕಬ್ಬಿನ ಗ್ಯಾಂಗಿನವರಿಗೆ ಈ ಕಂತು ಕಳಸ್ರಿ.